ಇಲ್ಲಣ

ಗುಡಿಬಂಡೆ ಕೆರೆಯ ಏರಿ ದಾಟಿ ಎಡಕ್ಕೆ ತಿರುಗಿದರೆ
ಹನ್ನೊಂದು ಊರು, ಇನ್ನೂರ ಆರು ಒಲೆ.
ನನ್ನ ಮೊಪೆಡ್ಡಿನ ಚೀಲದಲ್ಲಿ ಹಸಿರು ರಟ್ಟಿನ ಪುಸ್ತಕ:
ಉರಿದ ದಿನ, ಉರಿಯದ ದಿನ,
ಸಗಣಿ ಎಷ್ಟು ಪುಟ್ಟಿ, ಸೌದೆ ಎಷ್ಟು ಹೊರೆ,
ಕೊನೆಗೆ ಷರಾ ಎಂಬ ಖಾಲಿ ಕಲಂ.
ಏಳದ ಹೊಗೆಯ ಲೆಕ್ಕ ಬರೆಯುವ ನೌಕರಿ ನನ್ನದು.
ಅದನ್ನು ಟನ್ನುಗಟ್ಟಲೆ ಕೊಳ್ಳುವವರಿದ್ದಾರಂತೆ
ನಾನು ನೋಡದ ಊರುಗಳಲ್ಲಿ.

ಮೊದಮೊದಲು ಜನ ನಕ್ಕರು.
"ಹುಣಸೆ ಮಾರಿದ್ದೀವಿ, ಗೂಡು ಮಾರಿದ್ದೀವಿ,
ಆಗದೇ ಇರೋದನ್ನ ಮಾರೋದು ಇದೇ ಮೊದಲು"
ಅಂದವನು ಗಂಗಿರೆಡ್ಡಿ.
ಹಿತ್ತಲಲ್ಲಿ ಗ್ಯಾಸಿನ ಗುಂಡಿ ಮೊದಲು ತೋಡಿಸಿದವನೂ ಅವನೇ.

ತಪಾಸಣೆಯವನು ಪಿಳ್ಳಮ್ಮನ ಮನೆಗೆ ಬಂದದ್ದು ಮಾಘದಲ್ಲಿ.
ದಿಲ್ಲಿಯವನು, ಬಿಳಿ ಅಂಗಿ, ಕೈಯಲ್ಲಿ ಟ್ಯಾಬು.
ನೀಲಿ ಉರಿ ನೋಡಿದ, ಗುಂಡಿ ಇಣುಕಿದ,
ಮೂಗು ಮುಚ್ಚಿಕೊಳ್ಳಲಿಲ್ಲ, ಅಷ್ಟರಮಟ್ಟಿಗೆ ಒಳ್ಳೆಯವನು.
ಆಮೇಲೆ ಕೇಳಿದ:
ಮೊದಲು ಇಲ್ಲಿ ಹೊಗೆ ಇತ್ತು ಅನ್ನುವುದಕ್ಕೆ ಏನು ಪುರಾವೆ?

ಗೋಡೆ ತೋರಿಸಲು ತಿರುಗಿದೆ.
ಗೋಡೆ ಬೆಳ್ಳಗಿತ್ತು.
ಮಸಿ ಕಾಟ ತೀರಿತಲ್ಲ ಎಂಬ ಖುಷಿಗೆ
ಸಂಕ್ರಾಂತಿಗೆ ಸುಣ್ಣ ಬಳಿದಿದ್ದಳು, ಎರಡು ಕೈ.

ಪಿಳ್ಳಮ್ಮ ಮಾತಾಡಲಿಲ್ಲ. ಉದ್ದನೆ ಕಡ್ಡಿಪೊರಕೆ ತಂದು
ಅಟ್ಟದ ಮೂಲೆಗೆ, ತೊಲೆ ಗೋಡೆಗೆ ಕೂರುವಲ್ಲಿ, ತಿವಿದಳು.
ಮೂವತ್ತು ವರ್ಷದ ಇಲ್ಲಣ
ನಿಧಾನಕ್ಕೆ ಬಿಚ್ಚಿಕೊಂಡು, ಯಾವ ಅವಸರವೂ ಇಲ್ಲದೆ,
ಅವನ ಬಿಳಿ ಹೆಗಲ ಮೇಲೆ ಇಳಿಯಿತು.
"ಬರ್ಕೊಳ್ಳಿ ಸ್ವಾಮಿ."
ಬರೆದುಕೊಂಡ. ತನ್ನದೇ ಅಂಗಿಯ ಫೋಟೋ ತೆಗೆದುಕೊಂಡ.
ಇಲ್ಲದ ಹೊಗೆಗೆ
ಇಲ್ಲಣ ಸಾಕ್ಷಿ.

ಎಮ್ಮೆ ಮಾರಿದ ಆಷಾಢದಲ್ಲಿ ಅವಳ ಒಲೆ
ನಲವತ್ತೊಂದು ದಿನ ಆರಿತ್ತು.
ಪೆನ್ನು ಹಿಡಿದು ಕೂತೇ ಇದ್ದೆ ನಾನು.
ಎಲ್ಲೋ ಒಂದು ಕಡೆ ಕಣ್ಣು ಮುಚ್ಚಿದರೆ ಯಾರಿಗೆ ಗೊತ್ತಾಗುತ್ತೆ?
"ಆರಿದ್ದು ಆರಿತು ಅಂತಲೇ ಬರಿ ಅಮ್ಮಯ್ಯ.
ತಕ್ಕಡಿಗೆ ಕಲ್ಲು ಕಟ್ಟಿದರೆ
ನಾಳೆ ನಮ್ಮ ಮಾಲು ಯಾರು ನಂಬ್ತಾರೆ?"

ದುಡ್ಡು ಬಂತು, ಹತ್ತೊಂಬತ್ತು ತಿಂಗಳು ತಡವಾಗಿ.
ಅಷ್ಟರಲ್ಲಿ ಟನ್ನಿನ ರೇಟು ಅರ್ಧಕ್ಕೆ ಬಿದ್ದಿತ್ತು.
ಸಂಘದ ಪಾಲು, ತಪಾಸಣೆಯ ಫೀಸು, ದಿಲ್ಲಿಯ ವಿಮಾನ ಕಳೆದು
ಪಿಳ್ಳಮ್ಮನ ಖಾತೆಗೆ ಎಂಟುನೂರ ಹದಿನೇಳು.
ಪಾಸ್‌ಬುಕ್ಕನ್ನು ಬೆಳಕಿಗೆ ಹಿಡಿದು ಕೇಳಿದಳು:
"ಕೊಂಡವರು ಇದನ್ನ ಏನು ಮಾಡ್ತಾರೆ?"
ಅವರ ಹೊಗೆಗೆ ವಜಾ ಹಾಕ್ತಾರೆ, ಅಂದೆ.
"ಅಂದರೆ ಅವರದು ಏಳ್ತಾನೇ ಇರ್ತದೆ."
ಪುಸ್ತಕ ನೋಡಿದೆ. ಅದಕ್ಕೆ ಕಲಂ ಇರಲಿಲ್ಲ.

ಹಾಗಂತ ಗುಂಡಿ ಮುಚ್ಚಿದಳೇ? ಇಲ್ಲ.
ಗುಡ್ಡಕ್ಕೆ ಜಾಲಿ ಕಡಿಯಲು ಹೋಗುತ್ತಿದ್ದ ಬೆಳಗುಗಳು
ಈಗ ಅವಳ ಕೈಲಿವೆ.
ಕೆಮ್ಮು ಪೂರ್ತಿ ಹೋಗಿಲ್ಲ, ರಾತ್ರಿ ಮಾತ್ರ ಬರುತ್ತದೆ.
ಆ ಎರಡು ಗಂಟೆಯಲ್ಲಿ ಹುಳಕ್ಕೆ ಸೊಪ್ಪು ಹೆಚ್ಚುತ್ತಾಳೆ,
ಶಿಡ್ಲಘಟ್ಟದ ಮಾರ್ಕೆಟ್ಟಿಗೆ ತಾನೇ ಗೂಡು ಹೊರುತ್ತಾಳೆ,
ಹರಾಜು ಕೂಗುವವನ ಬಾಯನ್ನಲ್ಲ, ಕಣ್ಣನ್ನು ನೋಡುತ್ತಾಳೆ.

ಮೊನ್ನೆ ಕಾಫಿ ಸೋಸುತ್ತಾ ಅಂದಳು:
"ಗೂಡು ಇಟ್ಟುಕೊಳ್ಳೋ ಹಾಗಿಲ್ಲ, ಚಿಟ್ಟೆ ತೂತು ಹೊಡೆಯುತ್ತೆ.
ಅದಕ್ಕೇ ಸಿಕ್ಕಿದ ರೇಟಿಗೆ ಕೊಟ್ಟು ಬರ್ತೀವಿ.
ಇದು ಕೊಳೆಯೋ ಮಾಲಲ್ಲ, ಮುಗ್ಗೋ ಮಾಲಲ್ಲ.
ರೇಟು ಬರೋವರೆಗೂ ನಾವೇ ಯಾಕೆ ಇಟ್ಟುಕೊಳ್ಳಬಾರದು?"

ಒಲೆ ಕೂರಿಸಿದ ದಿನವೇ
ಏಳು ವರ್ಷದ ಗಾಳಿಗೆ ಹೆಬ್ಬೆಟ್ಟು ಒತ್ತಿಯಾಗಿದೆ ಎಂದು
ಹೇಳಬೇಕಿತ್ತು. ಹೇಳಲಿಲ್ಲ.
ಲೋಟದ ಕಾಫಿಯಲ್ಲಿ ಸೌದೆಯ ವಾಸನೆ ಇರಲಿಲ್ಲ;
ಸ್ವಲ್ಪ ಇದ್ದಿದ್ದರೆ ಚೆನ್ನಾಗಿತ್ತು ಅನ್ನಿಸಿದ್ದನ್ನೂ
ಹೇಳಲಿಲ್ಲ.

ಉರಿದ ದಿನ ಇಪ್ಪತ್ತೊಂಬತ್ತು. ಸೌದೆ ಸೊನ್ನೆ.
ನಾಲ್ಕು ವರ್ಷದಲ್ಲಿ ಮೊದಲ ಸಲ
ಷರಾ ಕಲಂ ತುಂಬಿದೆ, ದುಂಡಗೆ, ಕನ್ನಡದಲ್ಲಿ:
ಮನೆಯವರು ಇವತ್ತಿನ ರೇಟು ಕೇಳುತ್ತಿದ್ದಾರೆ.